ಕೈಕಾಲು ಸರಿಹೋಯಿತು, ಅಪ್ಪ ಮಾತ್ರ ಮೊದಲಿನ ಹಾಗಿಲ್ಲ

ತೋಟದಮನೆ ಮಗಳು

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಸಾಗರ ಸೀಮೆಯ ಹಳ್ಳಿ, ಅಡಿಕೆ ತೋಟ. ಅಪ್ಪನಿಗೆ 68 ವರ್ಷ. ಒಂಬತ್ತು ತಿಂಗಳ ಹಿಂದೆ ಒಂದು ಬೆಳಿಗ್ಗೆ ಎದ್ದಾಗ ಬಲಗೈ ಎತ್ತಲು ಆಗಲಿಲ್ಲ, ಮಾತು ತೊದಲುತ್ತಿತ್ತು. ಸ್ಟ್ರೋಕ್, ಅಂದರೆ ಲಕ್ವ ಎಂದರು. ರಾತ್ರಿ ಮಲಗಿದವರಿಗೆ ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಆಗಲಿಲ್ಲ. ಆದರೂ ಎರಡು ತಿಂಗಳ ಫಿಸಿಯೋಥೆರಪಿಯಲ್ಲಿ ಕೈಕಾಲು ಚೆನ್ನಾಗಿ ವಾಪಸ್ ಬಂತು. ಊರಲ್ಲಿ ಎಲ್ಲರೂ "ಪುಣ್ಯವಂತರು, ಸಣ್ಣದರಲ್ಲೇ ಹೋಯಿತು" ಎಂದರು. ನಾವೂ ಹಾಗೇ ಅಂದುಕೊಂಡೆವು.

ಈಗ ನನ್ನ ಚಿಂತೆ ಬೇರೆ. ಅಪ್ಪ ಕವಳ ಹಾಕುವುದನ್ನು ನಾನು ಹುಟ್ಟಿದಾಗಿಂದ ನೋಡಿದ್ದೇನೆ. ಎದುರಿಗೆ ಕೂತವರ ಜೊತೆ ತೋಟದ ಮಾತು ಆಡುತ್ತಲೇ ಕೈ ತನ್ನಷ್ಟಕ್ಕೆ ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಚುತ್ತಿತ್ತು. ಕಣ್ಣು ತಟ್ಟೆಯ ಕಡೆ ಹೋಗುತ್ತಲೇ ಇರಲಿಲ್ಲ. ಹೋದ ತಿಂಗಳು ಜಗಲಿಯಲ್ಲಿ ಕೂತು ನೋಡಿದೆ. ಎಲೆ ತೆಗೆದುಕೊಂಡರು. ಸುಣ್ಣ ಹಚ್ಚಿದರು. ಯಾರೋ ಗೇಟಿನ ಹತ್ತಿರ ಕರೆದರು, ಅತ್ತ ನೋಡಿದರು. ಮತ್ತೆ ಎಲೆ ನೋಡಿ ಸುಮ್ನೆ ಕೂತರು. ಆಮೇಲೆ ಮತ್ತೊಂದು ಸಲ ಸುಣ್ಣ ಹಚ್ಚಿದರು. ಬಾಯಿ ಸುಟ್ಟಿತು. ಎದ್ದು ಉಗುಳಿ ಬಂದು ಅದೇ ಜಾಗದಲ್ಲಿ ಕೂತರು, ಏನೂ ಹೇಳಲಿಲ್ಲ. ಅಮ್ಮ "ಲಕ್ಷ್ಯವೇ ಇಲ್ಲ ಇವರಿಗೆ" ಎಂದು ಬೈದಳು.

ಆದರೆ ಇದು ಮರೆವು ಅಂತ ನನಗೆ ಅನಿಸುವುದಿಲ್ಲ. ಯಾವ ವರ್ಷ ಕೊಳೆರೋಗ ಜಾಸ್ತಿ ಬಂದಿತ್ತು, ಯಾರ ಮದುವೆಗೆ ಯಾರು ಬಂದಿರಲಿಲ್ಲ, ಎಲ್ಲ ನೆನಪಿದೆ. ಹೊಸದಾಗಿ ಏನಾದರೂ ಮಾಡಬೇಕು ಎಂದರೆ ಮಾತ್ರ ಆಗುವುದಿಲ್ಲ. ಲೆಕ್ಕದ ಡೈರಿ ತೆರೆದು ಅರ್ಧ ಗಂಟೆ ಹಾಗೇ ಕೂರುತ್ತಾರೆ. ತಾವಾಗಿ ಮಾತು ಶುರು ಮಾಡುವುದಿಲ್ಲ. ಸಣ್ಣ ಸಣ್ಣ ಹೆಜ್ಜೆ ಇಡುತ್ತಾರೆ. ಟಿವಿಯಲ್ಲಿ ಮಗು ಅತ್ತರೆ ಇವರಿಗೂ ಅಳು ಬಂದುಬಿಡುತ್ತದೆ. ನಮ್ಮಪ್ಪ ಅಳುವವರೇ ಅಲ್ಲ.

ತೋರಿಸಿದ ಕಡೆ ಹತ್ತು ನಿಮಿಷದ ನೆನಪಿನ ಪರೀಕ್ಷೆ ಮಾಡಿದರು. 30ಕ್ಕೆ 27 ಬಂತು. "ನಾರ್ಮಲ್, ವಯಸ್ಸಾಯಿತಲ್ಲ" ಎಂದು ಕಳಿಸಿದರು. ಎಂಆರ್‌ಐ ರಿಪೋರ್ಟಿನಲ್ಲಿ ಹೀಗಿದೆ: ಎಡಗಡೆ ಹಳೆಯ ಲ್ಯಾಕ್ಯುನಾರ್ ಇನ್‌ಫಾರ್ಕ್ಟ್, ಕ್ರಾನಿಕ್ ಸ್ಮಾಲ್ ವೆಸೆಲ್ ಇಸ್ಕೀಮಿಕ್ ಚೇಂಜಸ್, ಫಜೇಕಾಸ್ ಗ್ರೇಡ್ 2, ಎರಡು ಮೈಕ್ರೋಬ್ಲೀಡ್. ಈ ಸಾಲುಗಳ ಅರ್ಥ ಯಾರೂ ಬಿಡಿಸಿ ಹೇಳಲಿಲ್ಲ.

ಇದು ಸೋಮಾರಿತನವಾ, ಬೇಸರವಾ, ಕಾಯಿಲೆಯಾ? ಮುಂದೆ ಹೆಚ್ಚಾಗದ ಹಾಗೆ ತಡೆಯಲು ದಾರಿ ಇದೆಯಾ?

ಮಂಡ್ಯದ ಹುಡುಗ

ಅಕ್ಕಾ, ನಮ್ಮ ತಾತನ ಕಥೆ ಓದಿದ ಹಾಗಾಯಿತು. ಲಕ್ವ ಹೊಡೆದು ಎದ್ದ ಮೇಲೆ ಅವರನ್ನು ಎಲ್ಲರೂ "ಹಠ, ಹಠ" ಎಂದು ಬೈದೆವು. ಸ್ನಾನಕ್ಕೆ ಏಳಿ ಅಂದರೆ ಏಳುತ್ತಿರಲಿಲ್ಲ. ಅದು ಹಠ ಅಲ್ಲ ಎಂದು ಗೊತ್ತಾಗುವ ಹೊತ್ತಿಗೆ ಅವರು ಇರಲಿಲ್ಲ. ನೀವು ಈಗಲೇ ಕೇಳುತ್ತಿದ್ದೀರಲ್ಲ, ಒಳ್ಳೆಯದಾಯಿತು.

ತಾಲೂಕು ಡಾಕ್ಟರು

ನಾನು ಸರ್ಕಾರಿ ತಾಲೂಕು ಆಸ್ಪತ್ರೆಯಲ್ಲಿ ಫಿಸಿಶಿಯನ್. ನಿಮ್ಮ ತಂದೆಯನ್ನು ನೋಡದೆ ಔಷಧಿ ಹೇಳುವುದಿಲ್ಲ. ಆದರೆ ರಿಪೋರ್ಟಿನ ಸಾಲುಗಳನ್ನು ಬಿಡಿಸಿ ಹೇಳಬಲ್ಲೆ. ಅದನ್ನು ಯಾರಾದರೂ ನಿಮಗೆ ಮೊದಲೇ ಹೇಳಬೇಕಿತ್ತು.

ತೋಟಕ್ಕೆ ಡ್ರಿಪ್ ಹಾಕಿದ್ದೀರಾ? ದಪ್ಪ ಪೈಪು ಚೆನ್ನಾಗಿರುತ್ತದೆ, ಮೋಟರು ಚೆನ್ನಾಗಿರುತ್ತದೆ, ಆದರೂ ಸಾಲಿನ ಕೊನೆಯ ಮರಕ್ಕೆ ನೀರು ಹೋಗಿರುವುದಿಲ್ಲ. ಸಣ್ಣ ಕೊಳವೆ ಒಳಗೆ ಕಟ್ಟಿಕೊಂಡಿರುತ್ತದೆ. ಮಿದುಳಿನಲ್ಲೂ ಹಾಗೇ. ದೊಡ್ಡ ರಕ್ತನಾಳಗಳಿಂದ ಕೂದಲೆಳೆಯಂಥ ನಾಳಗಳು ನೇರವಾಗಿ ಒಳಕ್ಕೆ ಇಳಿಯುತ್ತವೆ. ಹೆಚ್ಚಿನವು ಅರ್ಧ ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ದೊಡ್ಡ ಪೈಪಿನಿಂದ ನೇರವಾಗಿ ಕವಲೊಡೆಯುವುದರಿಂದ ಬಿಪಿಯ ಹೊಡೆತವೂ ನೇರವಾಗಿ ಬೀಳುತ್ತದೆ. ವರ್ಷಗಟ್ಟಲೆ ಹೊಡೆತ ತಿಂದು ನಾಳದ ಗೋಡೆ ದಪ್ಪವಾಗುತ್ತದೆ, ಬಿರುಸಾಗುತ್ತದೆ, ಕೆಲವು ಕಡೆ ಸೋರುತ್ತದೆ. ಒಂದು ನಾಳ ಪೂರ್ತಿ ಮುಚ್ಚಿಕೊಂಡರೆ ಅದು ನೀರುಣಿಸುತ್ತಿದ್ದ ಜಾಗ ಸತ್ತು ಸಣ್ಣ ಗುಳಿ ಉಳಿಯುತ್ತದೆ. ಅದೇ ಲ್ಯಾಕ್ಯೂನ್, ನಿಮ್ಮ ರಿಪೋರ್ಟಿನ ಲ್ಯಾಕ್ಯುನಾರ್ ಇನ್‌ಫಾರ್ಕ್ಟ್. 3ರಿಂದ 15 ಮಿಲಿಮೀಟರ್ ಇರುತ್ತದೆ. ಕಡಲೆ ಬೇಳೆಯಷ್ಟು ಎನ್ನಿ. ಅಮೆರಿಕದ ಬೋಸ್ಟನ್‌ನಲ್ಲಿ ಮಿಲ್ಲರ್ ಫಿಶರ್ ಎಂಬ ನರರೋಗ ತಜ್ಞರು 1960ರ ದಶಕದಲ್ಲಿ, ತೀರಿಹೋದವರ ಮಿದುಳನ್ನು ತೆಳ್ಳಗೆ ಹೋಳು ಹೋಳು ಮಾಡಿ ಸೂಕ್ಷ್ಮದರ್ಶಕದಲ್ಲಿ ಈ ನಾಳಗಳನ್ನು ಹುಡುಕಿದರು. ಗುಳಿಗಳಿಗೂ ಬಿಪಿಗೂ ಇರುವ ಸಂಬಂಧ ಸ್ಪಷ್ಟವಾದದ್ದು ಹೆಚ್ಚಾಗಿ ಅವರ ಕೆಲಸದಿಂದ.

ಪೂರ್ತಿ ಮುಚ್ಚದೆ ನೀರು ಕಡಿಮೆ ಆದ ಜಾಗ ಎಂಆರ್‌ಐಯಲ್ಲಿ ಬೆಳ್ಳಗೆ ಕಾಣುತ್ತದೆ. ಅದೇ ಸ್ಮಾಲ್ ವೆಸೆಲ್ ಇಸ್ಕೀಮಿಕ್ ಚೇಂಜಸ್. ಫಜೇಕಾಸ್ ಎಂದರೆ ಆ ಬಿಳುಪು ಎಷ್ಟು ಹರಡಿದೆ ಎಂಬ ಅಳತೆ. 1987ರಲ್ಲಿ ಬಂತು. ಸೊನ್ನೆಯಿಂದ 3ರವರೆಗೆ. 1 ಎಂದರೆ ಅಲ್ಲಲ್ಲಿ ಚುಕ್ಕಿ, ಅದು ವಯಸ್ಸಾದ ಬಹಳ ಜನರಲ್ಲಿ ಸಿಗುತ್ತದೆ. 2 ಎಂದರೆ ಚುಕ್ಕಿಗಳು ಒಂದಕ್ಕೊಂದು ಸೇರಲು ಶುರುವಾಗಿವೆ. ಅದನ್ನು "ವಯಸ್ಸಾಯಿತು" ಎಂದು ಬದಿಗಿಡುವುದು ಸರಿಯಲ್ಲ. ಮೈಕ್ರೋಬ್ಲೀಡ್ ಎಂದರೆ ಅದೇ ಸಣ್ಣ ನಾಳದಿಂದ ಹಿಂದೆಂದೋ ಹನಿ ರಕ್ತ ಸೋರಿದ ಗುರುತು.

ಈಗ ಕವಳದ ವಿಷಯ. ಬಿಳುಪು ಕಾಣುವ ಜಾಗ ನೆನಪಿನ ಕಣಜ ಅಲ್ಲ. ಅದು ವೈರಿಂಗ್. ಮಿದುಳಿನ ಮುಂಭಾಗವನ್ನು ಉಳಿದ ಭಾಗಗಳಿಗೆ ಸೇರಿಸುವ ತಂತಿಗಳು. ಮುಂಭಾಗದ ಕೆಲಸ ಏನು? ಯಾವುದು ಮೊದಲು ಯಾವುದು ಆಮೇಲೆ ಎಂದು ನೋಡುವುದು, ನಡುವೆ ಅಡ್ಡಿ ಬಂದರೆ ಬಿಟ್ಟಲ್ಲಿಂದ ಮುಂದುವರಿಸುವುದು, "ಏಳು, ಶುರು ಮಾಡು" ಎಂದು ಒಳಗಿಂದ ತಳ್ಳುವುದು. ತಂತಿ ಕೆಟ್ಟರೆ ಹಳೆಯ ನೆನಪು ಹಾಗೇ ಇರುತ್ತದೆ, ಕೆಲಸ ಮಾತ್ರ ನಡುವೆ ನಿಂತುಬಿಡುತ್ತದೆ. ಗೇಟಿನ ಹತ್ತಿರ ಯಾರೋ ಕರೆದಾಗ ಸುಣ್ಣ ಹಚ್ಚಿ ಆಗಿದೆ ಎಂಬುದು ಕೈಜಾರಿತು. ಅಷ್ಟೇ ಆದದ್ದು. ಲಕ್ಷ್ಯ ಇಲ್ಲ ಎಂದು ಅಮ್ಮ ಹೇಳಿದ್ದು ಒಂದು ರೀತಿಯಲ್ಲಿ ನಿಜ, ಆದರೆ ಅದು ಅಪ್ಪನ ತಪ್ಪಲ್ಲ.

ಸಣ್ಣ ಹೆಜ್ಜೆ, ತಡೆಯಲಾಗದ ಅಳು, ಮೂತ್ರಕ್ಕೆ ಅವಸರ ಎಲ್ಲವೂ ಇದೇ ಕಾಯಿಲೆಯ ಜೊತೆ ಬರಬಹುದು. ಮೂತ್ರದ ವಿಷಯ ನೀವು ಬರೆದಿಲ್ಲ, ಒಮ್ಮೆ ಕೇಳಿ ನೋಡಿ. ಗಂಡಸರು ಮಗಳ ಹತ್ತಿರ ಹೇಳುವುದಿಲ್ಲ.

30ಕ್ಕೆ 27 ಬಂದದ್ದು ನನಗೆ ಆಶ್ಚರ್ಯ ಅಲ್ಲ. ನೀವು ಹೇಳಿದ್ದು ಎಂಎಂಎಸ್‌ಇ ಇರಬೇಕು, 1975ರ ಪರೀಕ್ಷೆ. ಇವತ್ತು ಯಾವ ವಾರ, ಇದು ಯಾವ ಊರು, ಮೂರು ಪದ ನೆನಪಿಡಿ ಎಂದು ಕೇಳುತ್ತದೆ. ಆಲ್‌ಝೈಮರ್ಸ್ ಎಂಬ ಮರೆವಿನ ಕಾಯಿಲೆ ಹಿಡಿಯಲು ಅದು ಪರವಾಗಿಲ್ಲ. ನಿಮ್ಮ ತಂದೆಗೆ ಕಷ್ಟವಾಗುತ್ತಿರುವ ಕೆಲಸವನ್ನು ಅದು ಹೆಚ್ಚು ಮುಟ್ಟುವುದೇ ಇಲ್ಲ. ಮೋಕಾ ಎಂಬ ಪರೀಕ್ಷೆ ಕನ್ನಡದಲ್ಲೂ ಇದೆ. ಅದರಲ್ಲಿ ಗಡಿಯಾರ ಬರೆಯಬೇಕು, ಅಂಕಿ ಅಕ್ಷರ ಅಂಕಿ ಅಕ್ಷರ ಎಂದು ಗೆರೆ ಜೋಡಿಸಬೇಕು, 100ರಿಂದ ಏಳೇಳು ಕಳೆಯುತ್ತಾ ಹೋಗಬೇಕು. ಅದನ್ನು ಮಾಡಿಸಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೂಡ ಕನ್ನಡ ಸೇರಿ ಐದು ಭಾರತೀಯ ಭಾಷೆಗಳಲ್ಲಿ ಇಂಥ ಪರೀಕ್ಷೆಗಳ ಒಂದು ಕಟ್ಟು ಮಾಡಿದೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಶುರು ಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಎಂಬ ಕಾರ್ಯಕ್ರಮವೂ ಇದೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮಿದುಳು ಆರೋಗ್ಯ ಕ್ಲಿನಿಕ್ ಯಾವ ದಿನ ನಡೆಯುತ್ತದೆ ಎಂದು ವಿಚಾರಿಸಿ.

ಬಿಪಿ ಎಷ್ಟಿದೆ? ಮನೆಯಲ್ಲಿ ನೋಡುತ್ತೀರಾ?

ಹುಬ್ಬಳ್ಳಿ ಅಕ್ಕ

ಡಾಕ್ಟರೇ, ಆಂಜಿಯೋಗ್ರಾಮ್ ಮಾಡಿ ಸ್ಟೆಂಟ್ ಹಾಕಲು ಆಗುವುದಿಲ್ಲವಾ? ನಮ್ಮ ಮಾವನಿಗೆ ಹೃದಯಕ್ಕೆ ಹಾಕಿದ್ದಾರೆ, ಈಗ ಆರಾಮಾಗಿ ಇದ್ದಾರೆ.

ತಾಲೂಕು ಡಾಕ್ಟರು

ಆಗುವುದಿಲ್ಲ. ಹೃದಯದ ನಾಳ ಮೂರು ನಾಲ್ಕು ಮಿಲಿಮೀಟರ್ ಇರುತ್ತದೆ. ಮಿದುಳಿನ ಈ ಸಣ್ಣ ನಾಳಗಳು ಸಾಮಾನ್ಯ ಆಂಜಿಯೋಗ್ರಾಮಿನಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಕತ್ತಿನ ದೊಡ್ಡ ನಾಳ ಕಟ್ಟಿಕೊಂಡಿದ್ದರೆ ಅದು ಬೇರೆ ಮಾತು.

ಕುಂದಾಪುರ

ನಮ್ಮ ಕಡೆ ಒಂದೆಲಗದ ತಂಬುಳಿ ದಿನಾ ಮಾಡಿ ಕೊಡುತ್ತೇವೆ, ಬುದ್ಧಿಗೆ ಒಳ್ಳೆಯದು. ಬ್ರಾಹ್ಮಿ ಮಾತ್ರೆಯೂ ಸಿಗುತ್ತದೆ. ನನ್ನ ಚಿಕ್ಕಮ್ಮ ಇಂಗ್ಲಿಷ್ ಮಾತ್ರೆ ಎಲ್ಲ ಬಿಟ್ಟು ಇದನ್ನೇ ತೆಗೆದುಕೊಳ್ಳುತ್ತಿದ್ದಾರೆ.

ತಾಲೂಕು ಡಾಕ್ಟರು

ತಂಬುಳಿ ಖಂಡಿತ ಮಾಡಿ ಕೊಡಿ, ಊಟಕ್ಕೆ ಚೆನ್ನ. ಆದರೆ ಚಿಕ್ಕಮ್ಮ ಬಿಪಿ ಮಾತ್ರೆ ಬಿಟ್ಟಿದ್ದರೆ ನಾಳೆಯೇ ಕರೆದುಕೊಂಡು ಹೋಗಿ ಬಿಪಿ ನೋಡಿಸಿ. ಇದನ್ನು ತುಂಬಾ ಕಾಳಜಿಯಿಂದ ಹೇಳುತ್ತಿದ್ದೇನೆ. ಮಾತ್ರೆ ಬಿಟ್ಟು ಎರಡನೇ ಸ್ಟ್ರೋಕ್ ಆಗಿ ಬಂದವರನ್ನು ನಾನು ಪ್ರತಿ ತಿಂಗಳು ನೋಡುತ್ತೇನೆ.

ಎರಡನೇ ಸ್ಟ್ರೋಕ್ ಯಾಕೆ ತಡೆಯಬೇಕು ಎಂಬುದಕ್ಕೆ ಒಂದು ಲೆಕ್ಕ ಇದೆ. ಆಕ್ಸ್‌ಫರ್ಡ್‌ನ ಸಂಶೋಧಕರು 2009ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದರು. ಮೊದಲ ಸ್ಟ್ರೋಕ್ ಆದ ಮೇಲೆ ಹೊಸದಾಗಿ ಡಿಮೆನ್ಷಿಯಾ (ದಿನದ ಕೆಲಸವೂ ಆಗದಷ್ಟು ಬುದ್ಧಿ ಕುಂದುವುದು) ಬಂದದ್ದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಮತ್ತೆ ಸ್ಟ್ರೋಕ್ ಆದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ. ತೋಟದಮನೆ ಮಗಳೇ, ನಿಮ್ಮ ತಂದೆ ಈಗ ಈ ಎರಡರ ನಡುವೆ ನಿಂತಿದ್ದಾರೆ. ನಮ್ಮ ಕೆಲಸ ಅವರನ್ನು ಅಲ್ಲೇ ನಿಲ್ಲಿಸುವುದು.

ರಾಯಚೂರು ಮೇಷ್ಟ್ರು

ನಾನು ನಿವೃತ್ತ ಶಿಕ್ಷಕ. ಇಲ್ಲಿ ಎಲ್ಲರೂ ಮನೆಯವರ ಕಡೆಯಿಂದ ಬರೆದಿದ್ದೀರಿ. ನನಗೇ ಮೂರು ವರ್ಷದ ಹಿಂದೆ ಇದೇ ಆಯಿತು. ಹಾಗಾಗಿ ಒಳಗಿನಿಂದ ಹೇಗಿರುತ್ತದೆ ಎಂದು ಹೇಳುತ್ತೇನೆ. ಇಷ್ಟು ಟೈಪ್ ಮಾಡಲು ನನಗೆ ಎರಡು ದಿನ ಬೇಕಾಯಿತು.

ನೀವು ಪ್ರಶ್ನೆ ಕೇಳುತ್ತೀರಿ. ನನಗೆ ಕೇಳಿಸುತ್ತದೆ. ಅರ್ಥವೂ ಆಗುತ್ತದೆ. ಉತ್ತರ ಒಳಗೆ ಇದೆ ಎಂದೂ ಗೊತ್ತು. ಅದು ಒಳಮನೆಯಿಂದ ಬಾಗಿಲಿಗೆ ನಡೆದು ಬರಬೇಕು. ಬರುವಷ್ಟರಲ್ಲಿ ನೀವು ಇನ್ನೊಂದು ಪ್ರಶ್ನೆ ಕೇಳಿರುತ್ತೀರಿ. ಆಗ ಮೊದಲಿನದು ಅರ್ಧದಾರಿಯಲ್ಲಿ ನಿಲ್ಲುತ್ತದೆ, ಎರಡನೆಯದು ಹೊರಡುವುದೇ ಇಲ್ಲ. ಹೊರಗಿನವರಿಗೆ ನಾನು ಸುಮ್ನೆ ಕೂತ ಹಾಗೆ ಕಾಣುತ್ತೇನೆ. ಮೂವತ್ತೆರಡು ವರ್ಷ ಹಾಜರಿ ಕರೆದವನು ನಾನು. ಈಗ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಯಾರ ಮಾತನ್ನೂ ಹಿಡಿಯಲು ಆಗುವುದಿಲ್ಲ.

ತಂಗೀ, ನಿಮ್ಮ ತಂದೆಗೆ ಒಂದು ಪ್ರಶ್ನೆ ಕೇಳಿ ಸುಮ್ಮನೆ ಕಾಯಿರಿ. ಟಿವಿ ಆರಿಸಿ. ನೆನಪಿಸಬೇಡಿ, ವಾಕ್ಯ ತುಂಬಿಕೊಡಬೇಡಿ. ನೀವು ಅಂದುಕೊಂಡದ್ದಕ್ಕಿಂತ ಬಹಳ ಹೊತ್ತು ಕಾಯಬೇಕಾಗಬಹುದು.

ಇನ್ನೊಂದು ವಿಷಯ. ನಮ್ಮ ಕಡೆ ಮನೆಯಲ್ಲಿ ಕನ್ನಡ, ಬಜಾರದಲ್ಲಿ ತೆಲುಗು, ಗೆಳೆಯರ ಜೊತೆ ಉರ್ದು. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಸ್ಟ್ರೋಕ್ ಆದ 608 ಜನರನ್ನು ನೋಡಿ ಮಾಡಿದ ಅಧ್ಯಯನವೊಂದು 2016ರಲ್ಲಿ ಬಂತು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಶೇಕಡಾ 40.5ರಷ್ಟು ಜನರ ಬುದ್ಧಿಶಕ್ತಿ ಸ್ಟ್ರೋಕ್ ಆದ ಮೇಲೂ ಮಾಮೂಲಿಯಾಗಿ ಉಳಿದಿತ್ತು. ಒಂದೇ ಭಾಷೆಯವರಲ್ಲಿ ಅದು ಶೇಕಡಾ 19.6. ಇದನ್ನು ಮಾಡಿದ ತಂಡದ ಮುಖ್ಯಸ್ಥರಾದ ಡಾ. ಸುವರ್ಣಾ ಅಲ್ಲಾಡಿ ಆಮೇಲೆ ನಮ್ಮ ನಿಮ್ಹಾನ್ಸ್‌ಗೆ ಬಂದರು. ನನ್ನ ಡಾಕ್ಟರು ಇದನ್ನು ಹೇಳಿದ ದಿನದಿಂದ ನಾನು ಸಂಜೆ ಹೊತ್ತು ಪಕ್ಕದ ಅಂಗಡಿಯವರ ಜೊತೆ ಹಟಕ್ಕೆ ಬಿದ್ದು ಉರ್ದುವಿನಲ್ಲೇ ಮಾತಾಡುತ್ತೇನೆ. ಅದರಿಂದ ಗುಣವಾಗುತ್ತದೆ ಎಂದಲ್ಲ. ಮಾತಾಡಿದ ದಿನ ಮನಸ್ಸು ಹಗುರವಾಗಿರುತ್ತದೆ.

ಮಂಡ್ಯದ ಹುಡುಗ

ಮೇಷ್ಟ್ರೇ, "ಅರ್ಧದಾರಿಯಲ್ಲಿ ನಿಲ್ಲುತ್ತದೆ" ಎಂದಿರಲ್ಲ, ಅದನ್ನು ನಮ್ಮ ಅಮ್ಮನಿಗೆ ಓದಿ ಹೇಳಿದೆ. ಅವಳು ತಾತನನ್ನು ನೆನೆಸಿಕೊಂಡು ತುಂಬಾ ಹೊತ್ತು ಮಾತಾಡಲಿಲ್ಲ.

ತೋಟದಮನೆ ಮಗಳು

ಮೇಷ್ಟ್ರೇ, ನಿಮಗೆ ಹೇಗೆ ಧನ್ಯವಾದ ಹೇಳಲಿ. ಎರಡು ದಿನ ಕೂತು ಬರೆದಿದ್ದೀರಿ.

ಡಾಕ್ಟರೇ, ಬಿಪಿ ಬಗ್ಗೆ ಕೇಳಿದಿರಿ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋದಾಗ ನೋಡುತ್ತಾರೆ, 140ರ ಹತ್ತಿರ ಇರುತ್ತದೆ. ಮನೆಯಲ್ಲಿ ಮಿಷನ್ ಇಲ್ಲ. ಎಷ್ಟಿರಬೇಕು? ಬೇರೆ ಬೇರೆ ಕಡೆ ಬೇರೆ ಬೇರೆ ಹೇಳುತ್ತಾರೆ.

ತಾಲೂಕು ಡಾಕ್ಟರು

ಈ ಇಡೀ ಕಾಯಿಲೆಯಲ್ಲಿ ನಮ್ಮ ಕೈಗೆ ಸಿಗುವ ದೊಡ್ಡ ಹಿಡಿಕೆ ಬಿಪಿಯೇ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಮೆರಿಕದಲ್ಲಿ ಸ್ಪ್ರಿಂಟ್ ಎಂಬ ದೊಡ್ಡ ಪ್ರಯೋಗ ನಡೆಯಿತು. 50 ದಾಟಿದ 9,361 ಜನ. ಅರ್ಧ ಜನರಿಗೆ ಮೇಲಿನ ಬಿಪಿ 140ಕ್ಕಿಂತ ಕೆಳಗೆ, ಇನ್ನರ್ಧ ಜನರಿಗೆ 120ಕ್ಕಿಂತ ಕೆಳಗೆ ಇಡುವ ಗುರಿ. ಬುದ್ಧಿಶಕ್ತಿಯ ಫಲಿತಾಂಶ 2019ರಲ್ಲಿ ಬಂತು. ಬಿಗಿಯಾಗಿ ಇಳಿಸಿದವರಲ್ಲಿ ಬುದ್ಧಿಶಕ್ತಿಯ ಸಣ್ಣ ಕುಸಿತ ಶೇಕಡಾ 19ರಷ್ಟು ಕಡಿಮೆ ಇತ್ತು. ಎಂಆರ್‌ಐಯಲ್ಲಿ ಬಿಳುಪು ಬೆಳೆಯುವುದೂ ನಿಧಾನವಾಗಿತ್ತು. ಪೂರ್ಣ ಡಿಮೆನ್ಷಿಯಾ ಕಡಿಮೆಯಾಯಿತು ಎಂದು ಮಾತ್ರ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ಇನ್ನೊಂದು ಮಾತು ಗಮನಿಸಿ: ಆಗಲೇ ಸ್ಟ್ರೋಕ್ ಆದವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ.

ನಿಮ್ಮ ತಂದೆಯಂಥವರ ಮೇಲೇ ಮಾಡಿದ ಪ್ರಯೋಗ ಎಂದರೆ ಎಸ್‌ಪಿಎಸ್‌3. ಲ್ಯಾಕ್ಯುನಾರ್ ಸ್ಟ್ರೋಕ್ ಆದ 3,020 ಜನ. ಬಿಪಿಯನ್ನು 130ಕ್ಕಿಂತ ಕೆಳಗೆ ಇಟ್ಟವರಲ್ಲಿ ಮಿದುಳಿನ ರಕ್ತಸ್ರಾವ ಶೇಕಡಾ 63ರಷ್ಟು ಕಡಿಮೆಯಾಯಿತು. ಮೈಕ್ರೋಬ್ಲೀಡ್ ಇರುವ ನಿಮ್ಮ ತಂದೆಗೆ ಇದು ಮುಖ್ಯ. ಬುದ್ಧಿಶಕ್ತಿಯಲ್ಲಿ ಮಾತ್ರ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಕಳೆದುಹೋದ ತಂತಿಯನ್ನು ಬಿಪಿ ಮಾತ್ರೆ ವಾಪಸ್ ತರುತ್ತದೆ ಎಂದು ನಾನು ಹೇಳುವುದಿಲ್ಲ. ಮುಂದಿನ ಹೊಡೆತ ತಪ್ಪಿಸಲು ಮಾತ್ರ ಅದು ಬೇಕೇ ಬೇಕು. ಸ್ಟ್ರೋಕ್ ಆದವರಿಗೆ ಈಗ ಸಾಮಾನ್ಯವಾಗಿ 130/80ಕ್ಕಿಂತ ಕೆಳಗೆ ಇಡಲು ನೋಡುತ್ತೇವೆ. ಆದರೆ ನಿಂತಾಗ ಬಿಪಿ ಕುಸಿದು ತಲೆ ತಿರುಗಿ ಬೀಳುವ ವಯಸ್ಸಾದವರಿಗೆ ಅವಸರ ಪಡುವುದಿಲ್ಲ. ನಿಮ್ಮ ತಂದೆಗೆ ಎಷ್ಟು ಎಂಬುದನ್ನು ನೋಡುವ ವೈದ್ಯರೇ ಹೇಳಬೇಕು.

ಅದೇ ಪ್ರಯೋಗದಲ್ಲಿ ಇನ್ನೊಂದು ಪಾಠವೂ ಸಿಕ್ಕಿತು. ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಆಸ್ಪಿರಿನ್ ಜೊತೆ ಅಂಥದ್ದೇ ಇನ್ನೊಂದು ಮಾತ್ರೆ ಕ್ಲೋಪಿಡೋಗ್ರೆಲ್ ಸೇರಿಸಿ ವರ್ಷಗಟ್ಟಲೆ ಕೊಟ್ಟರೆ ಸ್ಟ್ರೋಕ್ ಕಡಿಮೆ ಆಗಲಿಲ್ಲ, ರಕ್ತಸ್ರಾವ ಜಾಸ್ತಿ ಆಯಿತು. ಮೊದಲ ಕೆಲವು ವಾರ ಎರಡೂ ಕೊಡುವುದುಂಟು, ಅದು ಸರಿ. ಒಂಬತ್ತು ತಿಂಗಳಾದರೂ ಎರಡೂ ನಡೆಯುತ್ತಿದ್ದರೆ "ಇನ್ನೂ ಎರಡೂ ಬೇಕಾ?" ಎಂದು ಕೇಳಿ. ನೀವಾಗಿ ನಿಲ್ಲಿಸಬೇಡಿ.

ಮಿಷನ್ ತೋಳಿಗೆ ಸುತ್ತುವಂಥದ್ದು ತೆಗೆದುಕೊಳ್ಳಿ, ಮಣಿಕಟ್ಟಿನದು ಬೇಡ. ಬೆಳಿಗ್ಗೆ ಮಾತ್ರೆಗೆ ಮೊದಲು, ಸಂಜೆ ಊಟಕ್ಕೆ ಮೊದಲು, ಐದು ನಿಮಿಷ ಸುಮ್ಮನೆ ಕೂತ ಮೇಲೆ ಎರಡೆರಡು ಸಲ. ಏಳು ದಿನ ಬರೆದಿಟ್ಟುಕೊಂಡು ಹೋಗಿ ತೋರಿಸಿ. ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್ ನೋಡಿಸಿ. ಕವಳಕ್ಕೆ ಹೊಗೆಸೊಪ್ಪು ಹಾಕುತ್ತಿದ್ದರೆ ಬಿಡಿಸಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ನಮ್ಮ ಮಲೆನಾಡಿನ ಊಟದಲ್ಲಿ ಎಷ್ಟಿರುತ್ತದೆ ಎಂದು ನಿಮಗೇ ಗೊತ್ತು. ದಿನಕ್ಕೆ ಒಬ್ಬರಿಗೆ ಎಲ್ಲ ಸೇರಿ 5 ಗ್ರಾಮ್ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಒಂದು ಟೀ ಚಮಚ.

ಉಡುಪಿ ಫಿಸಿಯೋ

ನಡಿಗೆಯ ಬಗ್ಗೆ ಒಂದು ಮಾತು. ಇಂಥವರು ನಡೆಯುತ್ತಾ ಮಾತಾಡಿದರೆ ಬೀಳುವ ಸಂಭವ ಜಾಸ್ತಿ. ಎರಡು ಕೆಲಸ ಒಟ್ಟಿಗೆ ಆಗುವುದಿಲ್ಲ. ಮೆಟ್ಟಿಲ ಮೇಲೆ, ಬಚ್ಚಲಲ್ಲಿ ಕರೆಯಬೇಡಿ. ಅಡಿಕೆ ತೋಟದ ಕಾಲುವೆ, ಮಳೆಗಾಲದ ಪಾಚಿ, ಇವೆಲ್ಲ ನೆನಪಿರಲಿ. ಆದರೆ ಹೆದರಿ ಕೂರಿಸಲೂ ಬೇಡಿ. ದಿನಾ ನಡಿಗೆ ಬೇಕು, ಜೊತೆಗೆ ಯಾರಾದರೂ ಇರಲಿ.

ಬಾಗಲಕೋಟೆ

ನನಗೆ 41 ವರ್ಷ, ಬಿಪಿ ಇಲ್ಲ, ಶುಗರ್ ಇಲ್ಲ. ಇಪ್ಪತ್ತರಿಂದ ಮೈಗ್ರೇನ್ ಇದೆ, ತಲೆನೋವಿಗೆ ಮೊದಲು ಕಣ್ಣ ಮುಂದೆ ಬೆಳಕಿನ ಗೆರೆ ಓಡುತ್ತದೆ. ಅಪ್ಪನಿಗೆ 49ಕ್ಕೆ ಸ್ಟ್ರೋಕ್, ದೊಡ್ಡಪ್ಪನಿಗೂ ಐವತ್ತರ ಆಸುಪಾಸಿನಲ್ಲಿ. ಇಬ್ಬರಿಗೂ ಆಮೇಲೆ ಬುದ್ಧಿ ಮಂಕಾಯಿತು. ಇದು ವಂಶದಲ್ಲಿ ಬರುತ್ತದಾ?

ತಾಲೂಕು ಡಾಕ್ಟರು

ಬಹಳ ಜನರಲ್ಲಿ ಇದು ವಂಶದ ಕಾಯಿಲೆ ಅಲ್ಲ. ಆದರೆ ನೀವು ಹೇಳಿದ ಹಾಗೆ ಬಿಪಿ ಇಲ್ಲದೆ, ಚಿಕ್ಕ ವಯಸ್ಸಿಗೆ, ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ, ಜೊತೆಗೆ ಮೈಗ್ರೇನ್ ಇದ್ದರೆ ಕ್ಯಾಡಾಸಿಲ್ ಎಂಬ ಕಾಯಿಲೆಯನ್ನು ಯೋಚಿಸುತ್ತೇವೆ. 19ನೇ ಕ್ರೋಮೋಸೋಮಿನ ನಾಚ್‌3 ಎಂಬ ಜೀನಿನ ದೋಷ. 1996ರಲ್ಲಿ ಫ್ರಾನ್ಸಿನ ಸಂಶೋಧಕರು ಅದನ್ನು ಪತ್ತೆ ಮಾಡಿದರು. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ನರರೋಗ ತಜ್ಞರಿಗೆ ತೋರಿಸಿ. ರಕ್ತಪರೀಕ್ಷೆಗೆ ಮೊದಲು ಜೆನೆಟಿಕ್ ಕೌನ್ಸೆಲಿಂಗ್ ಕೇಳಿ ಪಡೆಯಿರಿ, ಯಾಕೆಂದರೆ ಉತ್ತರ ನಿಮ್ಮೊಬ್ಬರದಷ್ಟೇ ಅಲ್ಲ, ಮಕ್ಕಳದ್ದೂ ಹೌದು. ಇಲ್ಲಿ ಓದಿ ಗಾಬರಿ ಆಗಬೇಡಿ. ಸಿಗರೇಟ್ ಇದ್ದರೆ ಇವತ್ತೇ ಬಿಡಿ.

ಲೀಡ್ಸ್ ಕನ್ನಡತಿ

ನಾನು ಇಲ್ಲಿ ಇಂಗ್ಲೆಂಡಿನಲ್ಲಿ ಸ್ಟ್ರೋಕ್ ವಾರ್ಡಿನ ನರ್ಸ್. ಸ್ಟ್ರೋಕ್ ಆಗಿ ಆರು ತಿಂಗಳಿಗೆ ಒಂದು ಮರುಪರಿಶೀಲನೆ ಆಗಬೇಕು ಎಂಬ ಪದ್ಧತಿ ಇಲ್ಲಿದೆ. ಕೈಕಾಲು ಅಷ್ಟೇ ಅಲ್ಲ, ಮನಸ್ಸು, ಯೋಚನೆ, ನೆನಪು, ಮನೆಯವರ ಸ್ಥಿತಿ ಎಲ್ಲ ಕೇಳುತ್ತೇವೆ. ನಿಮ್ಮ ಕಡೆ ಯಾರೂ ಕರೆಯದಿದ್ದರೂ ನೀವೇ ಆರು ತಿಂಗಳಿಗೊಮ್ಮೆ ಒಂದು ಚೀಟಿ ಬರೆದುಕೊಂಡು ಹೋಗಿ: ಮೊದಲು ಏನು ಮಾಡುತ್ತಿದ್ದರು, ಈಗ ಏನು ಬಿಟ್ಟಿದ್ದಾರೆ. ನೀವು ಬರೆದ ಕವಳದ ಆ ಒಂದು ಪ್ಯಾರಾ ಸಾಕು, ಯಾವ ವೈದ್ಯರಿಗೂ ತಿಳಿಯುತ್ತದೆ.

ಹೊಸ ಔಷಧಿಯ ಹುಡುಕಾಟವೂ ನಡೆದಿದೆ. ಲೇಸಿ-2 ಎಂಬ ಪ್ರಯೋಗದಲ್ಲಿ ಲ್ಯಾಕ್ಯುನಾರ್ ಸ್ಟ್ರೋಕ್ ಆದ 363 ಜನರಿಗೆ ಸಿಲೋಸ್ಟಜಾಲ್ ಮತ್ತು ಐಸೊಸಾರ್ಬೈಡ್ ಎಂಬ ಎರಡು ಹಳೆಯ ಮಾತ್ರೆ ಕೊಟ್ಟು ನೋಡಿದರು, 2023ರಲ್ಲಿ ಫಲಿತಾಂಶ ಬಂತು. ಆಶೆ ಹುಟ್ಟಿಸುವಂತಿದೆ, ಆದರೆ ಇನ್ನೂ ದೊಡ್ಡ ಪ್ರಯೋಗ ಆಗಬೇಕು. ಈಗಲೇ ಅಂಗಡಿಯಿಂದ ತಂದು ಕೊಡುವಂಥದ್ದಲ್ಲ.

ಹುಬ್ಬಳ್ಳಿ ಅಕ್ಕ

ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ನನ್ನ ಅತ್ತೆಯವರು ಸ್ಟ್ರೋಕ್ ಆದ ಮೇಲೆ ನೋಡಲು ಸರಿಯಾಗೇ ಇದ್ದರು. ಫೋನಿನಲ್ಲಿ ಯಾರೋ ಒಟಿಪಿ ಕೇಳಿದರು, ಕೊಟ್ಟುಬಿಟ್ಟರು. ಅತ್ತೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಮೊದಲಾಗಿದ್ದರೆ ಆ ಮನುಷ್ಯನಿಗೇ ನಾಲ್ಕು ಮಾತು ಹೇಳಿ ಫೋನ್ ಇಡುತ್ತಿದ್ದರು. ಅಪ್ಪನ ಖಾತೆಗೆ ಅಮ್ಮನ ಅಥವಾ ನಿಮ್ಮ ಹೆಸರು ಸೇರಿಸಿ, ನಾಮಿನಿ ನೋಡಿ, ಪಹಣಿ, ಸೊಸೈಟಿ ಸಾಲದ ಕಾಗದ ಎಲ್ಲಿದೆ ಎಂದು ಕೇಳಿಕೊಳ್ಳಿ. ಅವರು ಹೇಳಬಲ್ಲ ಸ್ಥಿತಿಯಲ್ಲಿ ಇರುವಾಗಲೇ ಕೇಳಿ, ಅವರನ್ನು ಕೂರಿಸಿಕೊಂಡು ಕೇಳಿ. ಬೆನ್ನ ಹಿಂದೆ ಮಾಡಬೇಡಿ. ನಾವು ಹಾಗೆ ಮಾಡಿ ಅತ್ತೆಯ ಮನಸ್ಸು ನೋಯಿಸಿದೆವು.

ಅಮ್ಮನನ್ನೂ ನೋಡಿಕೊಳ್ಳಿ. ಬೈದರೂ ಅವಳೇ ತಾನೇ ಹಗಲು ರಾತ್ರಿ ಇರುವುದು. ಹಿರಿಯರ ಸಹಾಯವಾಣಿ 14567, ಮನಸ್ಸಿಗೆ ಕಷ್ಟವಾದರೆ ಟೆಲಿ ಮಾನಸ್ 14416. ಕನ್ನಡದಲ್ಲೇ ಮಾತಾಡುತ್ತಾರೆ.

ಕುಂದಾಪುರ

ಚಿಕ್ಕಮ್ಮನ ಬಿಪಿ ನೋಡಿಸಿದೆವು. 182 ಇತ್ತು. ಮಾತ್ರೆ ಮತ್ತೆ ಶುರು ಮಾಡಿದ್ದಾರೆ. ಡಾಕ್ಟರೇ, ನೀವು ಅವತ್ತು ಬರೆಯದಿದ್ದರೆ ನಾವು ನೋಡುತ್ತಲೇ ಇರಲಿಲ್ಲ.

ತೋಟದಮನೆ ಮಗಳು (ಐದು ವಾರದ ನಂತರ)

ಎಲ್ಲರಿಗೂ ಹೇಳಬೇಕು ಎಂದು ಬಂದೆ.

ಮೋಕಾ ಮಾಡಿಸಿದೆವು, ಕನ್ನಡದಲ್ಲಿ. 30ಕ್ಕೆ 19. ಐದು ಪದಗಳನ್ನು ಸುಳಿವು ಕೊಟ್ಟರೆ ಹೇಳಿದರು. ಗಡಿಯಾರ ಬರೆಯುವಾಗ ಹನ್ನೆರಡೂ ಅಂಕಿಯನ್ನು ಬಲಗಡೆಯೇ ಬರೆದು, ಎಡಗಡೆ ಖಾಲಿ ನೋಡಿ ನನ್ನ ಮುಖ ನೋಡಿದರು. ಏನೋ ತಪ್ಪಿದೆ ಎಂದು ಅವರಿಗೆ ಗೊತ್ತಾಗಿತ್ತು. ಆ ನೋಟ ನನಗೆ ಈಗಲೂ ಕಣ್ಣ ಮುಂದೆ ಇದೆ.

ಬಿಪಿ ಮಿಷನ್ ತಂದೆ. ಮೊದಲ ಬೆಳಿಗ್ಗೆ 168. ಸಂಜೆ 160. ತಿಂಗಳಿಗೊಮ್ಮೆ 140 ಬರುತ್ತಿದ್ದವರಿಗೆ ಇದೆಲ್ಲಿಂದ ಬಂತು ಎಂದು ಮಾತ್ರೆಯ ಡಬ್ಬಿ ತೆಗೆದು ಎಣಿಸಿದೆ. ಹದಿನೇಳು ಮಾತ್ರೆ ಜಾಸ್ತಿ ಉಳಿದಿತ್ತು. ಆಸ್ಪತ್ರೆಗೆ ಹೋಗುವ ದಿನ ಮಾತ್ರ ಅಮ್ಮ ಕೈಯಲ್ಲಿ ಕೊಡುತ್ತಿದ್ದಳು. ಉಳಿದ ದಿನ "ಮಾತ್ರೆ ಆಯಿತಾ?" ಎಂದು ಕೇಳಿದರೆ ಅಪ್ಪ "ಹ್ಞೂಂ" ಎನ್ನುತ್ತಿದ್ದರು. ಸುಳ್ಳು ಹೇಳಿದ್ದಲ್ಲ. ತೆಗೆದುಕೊಳ್ಳಬೇಕು ಎಂದು ಅವರಿಗೆ ನೆನಪಿತ್ತು, ಎದ್ದು ತೆಗೆದುಕೊಳ್ಳುವುದು ಆಗಿರಲಿಲ್ಲ. ಯಾವ ಕಾಯಿಲೆಗೆ ಮಾತ್ರೆಯೋ ಆ ಕಾಯಿಲೆಯೇ ಮಾತ್ರೆಯನ್ನು ತಪ್ಪಿಸುತ್ತಿತ್ತು. ಒಂಬತ್ತು ತಿಂಗಳಲ್ಲಿ ನಮಗೆ ಯಾರಿಗೂ ಇದು ಹೊಳೆಯಲಿಲ್ಲ.

ಈಗ ಮಾತ್ರೆ ಕವಳದ ತಟ್ಟೆಯಲ್ಲೇ ಇರುತ್ತದೆ. ಇದು ಅಮ್ಮನ ಉಪಾಯ. ಬೆಳಿಗ್ಗೆ ತಟ್ಟೆ ಕೇಳದೆ ಇರುವವರಲ್ಲ ಅಪ್ಪ. ಎಲೆಗೆ ಸುಣ್ಣ ಅಮ್ಮನೇ ಹಚ್ಚಿ ಇಡುತ್ತಾಳೆ, ಹೊಗೆಸೊಪ್ಪು ತಟ್ಟೆಯಿಂದ ಹೋಗಿದೆ. ಆಸ್ಪಿರಿನ್ ಒಂದೇ ಸಾಕು ಎಂದು ನರರೋಗ ತಜ್ಞರು ಇನ್ನೊಂದನ್ನು ನಿಲ್ಲಿಸಿದರು. ಹೋದ ವಾರದ ಬಿಪಿ ಸರಾಸರಿ 134. ಇನ್ನೂ ಸ್ವಲ್ಪ ಇಳಿಯಬೇಕು ಎಂದಿದ್ದಾರೆ. ಮೂತ್ರದ ಅವಸರವೂ ಇತ್ತಂತೆ ಡಾಕ್ಟರೇ, ತಮ್ಮನ ಹತ್ತಿರ ಹೇಳಿದರು.

ಮೇಷ್ಟ್ರೇ, ನೀವು ಹೇಳಿದ್ದನ್ನು ಭಾನುವಾರ ಮಾಡಿದೆ. ಟಿವಿ ಆರಿಸಿದೆ. "ಅಪ್ಪಾ, ಈ ಸಲ ರಾಶಿ ಇಡಿ ಅಡಿಕೆ ಈಗಲೇ ಕೊಡೋಣವಾ, ಇಟ್ಟುಕೊಳ್ಳೋಣವಾ?" ಎಂದು ಕೇಳಿ ಸುಮ್ಮನೆ ಕೂತೆ. ಅಮ್ಮ ಬಾಯಿ ತೆರೆದಳು, ಕೈ ಹಿಡಿದು ತಡೆದೆ. ಅಪ್ಪ ಅಂಗಳ ನೋಡಿದರು. ನನ್ನ ಲೋಟದ ಕಾಫಿ ಆರಿತು. ಇನ್ನು ಉತ್ತರ ಇಲ್ಲ ಅಂದುಕೊಂಡಾಗ ಹೇಳಿದರು: "ಅರ್ಧ ಕೊಡು. ಸೊಸೈಟಿ ಕಂತು ಮಾರ್ಚಿಗೆ ಇದೆ." ಕಂತು ಮಾರ್ಚಿಗೆ ಇರುವುದು ನನಗೆ ಮರೆತೇ ಹೋಗಿತ್ತು.

ರಾಯಚೂರು ಮೇಷ್ಟ್ರು

ಓದಿದೆ ತಂಗೀ. ತುಂಬಾ ಸಂತೋಷ. ಅರ್ಧ ಕೊಟ್ಟಿರಾ?

ತೋಟದಮನೆ ಮಗಳು

ಕೊಟ್ಟೆವು ಮೇಷ್ಟ್ರೇ. ಅಪ್ಪನೂ ಮಂಡಿಗೆ ಬಂದಿದ್ದರು.